ಉಜ್ಜುವ ಮುನ್ನ ನೆನೆಹಾಕಿ

ಹಾಲು ತಳ ಹಿಡಿದ ಪಾತ್ರೆ ಸಿಂಕಿಗೆ ಬಂದ ಕೂಡಲೇ ಹೆಚ್ಚಿನ ಮನೆಗಳಲ್ಲಿ ಕೈ ಹೋಗುವುದು ಹಸಿರು ಸ್ಕ್ರಬ್ಬರಿಗೆ, ಇಲ್ಲವೇ ಕಬ್ಬಿಣದ ನಾರಿಗೆ. ತಿಕ್ಕಿ ತಿಕ್ಕಿ ಭುಜ ನೋಯುತ್ತದೆ, ಉಗುರಿನ ಸಂದಿ ಉರಿಯುತ್ತದೆ, ಪಾತ್ರೆಯ ಒಳಗೆಲ್ಲ ಗೀರು ಬೀಳುತ್ತದೆ. ಇಷ್ಟಾದರೂ ನಟ್ಟನಡುವೆ ರೂಪಾಯಿಯಗಲದ ಕರಕಲು ಹಾಗೇ ಉಳಿದಿರುತ್ತದೆ. ಮಾರನೆಯ ದಿನ ಅದೇ ಪಾತ್ರೆಯಲ್ಲಿ ಹಾಲು ಕಾಯಿಸಿದರೆ ಅದೇ ಜಾಗದಲ್ಲಿ ಮತ್ತೆ ಹಿಡಿಯುತ್ತದೆ. ಪಾತ್ರೆ ತೊಳೆಯುವವರು ಮನೆಯವರೇ ಆಗಲಿ, ಕೆಲಸಕ್ಕೆ ಬರುವವರೇ ಆಗಲಿ, ಅವರ ತೋಳಿನ ಶಕ್ತಿ ಹೀಗೆ ಪೋಲಾಗಬೇಕಾಗಿಲ್ಲ. ಸ್ಟೀಲ್ ಪಾತ್ರೆಗೆ ಬೇಕಾದದ್ದು ನೀರು, ಬಿಸಿ ಮತ್ತು ಒಂದಿಷ್ಟು ಹೊತ್ತು. ಯಾವ ಕಲೆಗೆ ಸೋಡಾ, ಯಾವ ಕಲೆಗೆ ಹುಳಿ ಎನ್ನುವುದು ಗೊತ್ತಿದ್ದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಸ್ಟೀಲ್ ನಮ್ಮ ಅಡುಗೆಮನೆಗೆ ಬರುವ ಮುಂಚೆ ಹಿತ್ತಾಳೆಯ ಕಾಲ. ಒಳಗೆ ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಪದಾರ್ಥ ಮಾಡುವಂತಿರಲಿಲ್ಲ, ಮಾಡಿದರೆ ಕಿಲುಬು ಹತ್ತಿ ಸಾರನ್ನು ಬಾಯಿಗಿಡಲು ಆಗುತ್ತಿರಲಿಲ್ಲ. ಕಲಾಯಿಯವರು ಬೀದಿಗೆ ಬಂದು, ತಿದಿ ಹೂಡಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರ ಸವರಿ, ಹತ್ತಿಯಲ್ಲಿ ಒಂದು ಸುತ್ತು ಒರೆಸಿ ಕೊಡುತ್ತಿದ್ದರು. ಅದು ಸವೆದ ಮೇಲೆ ಮತ್ತೆ ಅವರ ದಾರಿ ಕಾಯಬೇಕು. ಸ್ಟೀಲಿಗೂ ಒಂದು ಕಲಾಯಿ ಇದೆ. ಅದನ್ನು ಯಾರೂ ಹಾಕಬೇಕಾಗಿಲ್ಲ, ಪಾತ್ರೆ ತಾನೇ ಹಾಕಿಕೊಳ್ಳುತ್ತದೆ. ಕಬ್ಬಿಣಕ್ಕೆ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಬೆರೆತರೆ ಅದು ತುಕ್ಕು ಹಿಡಿಯದ ಉಕ್ಕಾಗುತ್ತದೆ. ಮೇಲ್ಮೈಯಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಒಂದು ಪೊರೆ ಕಟ್ಟುತ್ತದೆ. ಅದರ ದಪ್ಪ ಕೆಲವೇ ನ್ಯಾನೋಮೀಟರು, ಎಂದರೆ ಕಣ್ಣಿಗೆ ಕಾಣುವ ಮಾತೇ ಇಲ್ಲ. ಗೀರು ಬಿದ್ದರೂ ಗಾಳಿ ತಗುಲಿದ ಕೂಡಲೇ ಅಲ್ಲಿ ಹೊಸ ಪೊರೆ ಮೂಡುತ್ತದೆ. ನಮ್ಮ ಸಾರು, ಮೊಸರು, ಹುಳಿ ಎಲ್ಲವೂ ಸ್ಟೀಲಿನಲ್ಲಿ ಕೆಡದೆ ಉಳಿಯುವುದು ಈ ಪೊರೆಯಿಂದಲೇ.

ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ 1913ರಲ್ಲಿ ಹ್ಯಾರಿ ಬ್ರಿಯರ್ಲಿ ಎಂಬ ಲೋಹತಜ್ಞರು ಬಂದೂಕಿನ ನಳಿಗೆ ಬೇಗ ಸವೆಯದಂತೆ ಮಾಡುವ ಉಕ್ಕನ್ನು ಹುಡುಕುತ್ತಿದ್ದರು. ಕ್ರೋಮಿಯಂ ಬೆರೆಸಿದ ಒಂದು ತುಂಡು ಆಮ್ಲಕ್ಕೆ ಜಗ್ಗದಿರುವುದು ಅವರ ಕಣ್ಣಿಗೆ ಬಿತ್ತು. ನಿಂಬೆರಸ, ವಿನೆಗರ್ ಹಾಕಿ ಪರೀಕ್ಷಿಸಿದಾಗಲೂ ಅದಕ್ಕೆ ಏನೂ ಆಗಲಿಲ್ಲ. ಈ ಸಂಗತಿಯನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ನಿಂಬೆ, ಹುಣಸೆ, ವಿನೆಗರ್ ಹಾಕಿದರೆ ಸ್ಟೀಲ್ ಹಾಳಾಗುತ್ತದೆ ಎಂದು ಹೆದರುವವರು ಈಗಲೂ ಇದ್ದಾರೆ. ಅಡುಗೆಯ ಹುಳಿಗೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಉಪ್ಪಿಗೆ. ಅದರ ಮಾತು ಮುಂದೆ ಬರುತ್ತದೆ.

ಮೊದಲು ತಳ ಹಿಡಿದ ಹಾಲಿನ ಪಾತ್ರೆಯನ್ನೇ ತೆಗೆದುಕೊಳ್ಳೋಣ, ಏಕೆಂದರೆ ಅದೊಂದು ಬಂದರೆ ಉಳಿದವೆಲ್ಲ ಸುಲಭ. ಪಾತ್ರೆಯಲ್ಲಿ ಉಳಿದ ಹಾಲನ್ನು ಬೇರೆ ಮಾಡಿ, ಪಾತ್ರೆ ತಾನಾಗಿ ಆರಲು ಬಿಡಿ. ಬಿಸಿ ಪಾತ್ರೆಯನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ. ಒಮ್ಮೆಲೇ ತಣ್ಣೀರು ಬಿದ್ದರೆ ತಳ ಸೊಟ್ಟಗಾಗುತ್ತದೆ. ಆಮೇಲೆ ಅದು ಒಲೆಯ ಮೇಲೆ ಅಲ್ಲಾಡುತ್ತದೆ, ಇಂಡಕ್ಷನ್ ಒಲೆಯಲ್ಲಂತೂ ಸರಿಯಾಗಿ ಕಾಯುವುದೇ ಇಲ್ಲ. ಆರಿದ ಮೇಲೆ ಕರಕಲು ಮುಳುಗಿ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು ಹಾಕಿ. ಲೀಟರು ನೀರಿಗೆ ಎರಡು ದೊಡ್ಡ ಚಮಚದಷ್ಟು ಅಡುಗೆ ಸೋಡಾ ಬೆರೆಸಿ ಒಲೆಯ ಮೇಲಿಡಿ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ ಹತ್ತು ನಿಮಿಷ ಬಿಡಿ. ಎರಡು ಮೂರು ನಿಮಿಷಕ್ಕೆ ನೀರು ತೆಳು ಚಹಾದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಕರಕಲಿನ ಅಂಚು ಅಲ್ಲಲ್ಲಿ ಏಳತೊಡಗುತ್ತದೆ, ಅದರ ಅಡಿಯಿಂದ ಸಣ್ಣ ಗುಳ್ಳೆಗಳು ಹೊರಡುತ್ತವೆ. ಮರದ ಸೌಟಿನ ಅಂಚಿನಿಂದ ಮೆಲ್ಲನೆ ದೂಡಿ ನೋಡಿ. ಎದ್ದ ಕಡೆ ಹಾಳೆಹಾಳೆಯಾಗಿ ಬರುತ್ತದೆ, ಏಳದ ಕಡೆ ಒತ್ತಾಯ ಮಾಡಬೇಡಿ. ಒಲೆ ಆರಿಸಿ, ಮುಚ್ಚಳ ಹಾಕಿ, ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ನೀರು ಚೆಲ್ಲಿ ತೆಂಗಿನ ನಾರಿನಲ್ಲಿ ಒಂದೆರಡು ಸಲ ಆಡಿಸಿದರೆ ಸಾಕು. ಕಂದು ಬಣ್ಣದ ನೆರಳು ಉಳಿದಿದ್ದರೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಬಹಳ ಕರಕಲಾಗಿದ್ದರೆ ಇಡೀ ಕ್ರಮವನ್ನು ಇನ್ನೊಮ್ಮೆ ಮಾಡಬೇಕಾಗಬಹುದು. ಆಗಲೂ ಗೀರು ಬೀಳುವುದಿಲ್ಲ, ಕೈಯೂ ನೋಯುವುದಿಲ್ಲ.

ಇಲ್ಲಿ ಕೆಲಸ ಮಾಡುವುದು ಸೋಡಾದ ಕ್ಷಾರ. ಹಾಲಿನ ಪ್ರೋಟೀನು ಬಿಸಿಗೆ ಲೋಹವನ್ನು ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಬಿಸಿ ಕ್ಷಾರ ಆ ಹಿಡಿತವನ್ನು ಸಡಿಲಿಸುತ್ತದೆ, ಕೊಬ್ಬನ್ನೂ ಬಿಡಿಸುತ್ತದೆ. ಹಿಂದಿನವರು ಒಲೆಯ ಬೂದಿಯಲ್ಲಿ ಪಾತ್ರೆ ಬೆಳಗುತ್ತಿದ್ದುದರ ಗುಟ್ಟೂ ಇದೇ. ಸೌದೆಯ ಬೂದಿಯಲ್ಲಿ ಕ್ಷಾರವಿರುತ್ತದೆ, ಅದು ಜಿಡ್ಡಿನೊಡನೆ ಸೇರಿ ಅಷ್ಟಿಷ್ಟು ಸಾಬೂನೇ ಆಗುತ್ತದೆ. ಹಳ್ಳಿಯ ಮನೆಗಳಲ್ಲಿ ಇವತ್ತಿಗೂ ಬೂದಿ ಬಳಸುವವರು ಅದನ್ನು ಜರಡಿ ಹಿಡಿದು, ಮರಳು ಕಣವಿಲ್ಲದಂತೆ ಮಾಡಿಕೊಂಡರೆ ಸ್ಟೀಲಿಗೆ ಯಾವ ತೊಂದರೆಯೂ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಇಲ್ಲೇ ಹೇಳಬೇಕು. ಸೋಡಾ ಸ್ಟೀಲಿಗೆ ಸರಿ, ಅಲ್ಯೂಮಿನಿಯಂಗೆ ಸರಿಯಲ್ಲ. ಅಲ್ಯೂಮಿನಿಯಂ ಕುಕ್ಕರನ್ನೋ ಬಾಣಲೆಯನ್ನೋ ಸೋಡಾ ನೀರಿನಲ್ಲಿ ಕುದಿಸಿದರೆ ಕ್ಷಾರ ಲೋಹವನ್ನೇ ತಿಂದು ಒಳಗೆಲ್ಲ ಕಪ್ಪಾಗುತ್ತದೆ. ಅದಕ್ಕೆ ಬೇಕಾದದ್ದು ಹುಳಿ, ಹಿಂಡಿದ ನಿಂಬೆಯ ಹೋಳು ಅಥವಾ ಹುಣಸೆಯ ನಾರು. ಸ್ಟೀಲ್ ಪಾತ್ರೆಯ ತಳದಲ್ಲಿ ಅಲ್ಯೂಮಿನಿಯಂ ಬಿಲ್ಲೆ ಕೂಡಿಸಿ, ಅದರ ಅಂಚು ಹೊರಗೆ ಕಾಣುವಂತಿದ್ದರೆ ಸೋಡಾ ನೀರನ್ನು ಒಳಗಷ್ಟೇ ಇರಿಸಿ, ಪಾತ್ರೆಯನ್ನು ಇಡಿಯಾಗಿ ಅದರಲ್ಲಿ ಮುಳುಗಿಸಬೇಡಿ.

ಮೊಬೈಲಿನ ವೀಡಿಯೊಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಲಹೆಯನ್ನು ನಾನು ಒಪ್ಪುವುದಿಲ್ಲ. ಸೋಡಾ ಉದುರಿಸಿ, ಅದರ ಮೇಲೆ ವಿನೆಗರ್ ಅಥವಾ ನಿಂಬೆರಸ ಸುರಿದು, ಬುಸ್ಸೆಂದು ಉಕ್ಕುವ ನೊರೆಯನ್ನು ತೋರಿಸುತ್ತಾರೆ. ನೋಡಲು ಚೆನ್ನಾಗಿದೆ. ಆದರೆ ಕ್ಷಾರ, ಆಮ್ಲ ಒಂದನ್ನೊಂದು ಕೊಂದುಕೊಂಡು ಕೊನೆಗೆ ಉಳಿಯುವುದು ಬರೀ ಉಪ್ಪಿನಂಥ ಒಂದು ಲವಣ ಬೆರೆತ ನೀರು. ಸೋಡಾದ ಕೆಲಸವೂ ಆಗುವುದಿಲ್ಲ, ಹುಳಿಯ ಕೆಲಸವೂ ಆಗುವುದಿಲ್ಲ. ಎರಡೂ ಬೇಕಾದರೆ ಬೇರೆ ಬೇರೆ ಹೊತ್ತಿಗೆ ಬಳಸಿ, ನಡುವೆ ಪಾತ್ರೆಯನ್ನು ಚೆನ್ನಾಗಿ ತೊಳೆಯಿರಿ.

ಎಲ್ಲ ಅಂಟಿಗೂ ಸೋಡಾ ಬೇಕಿಲ್ಲ. ಮುದ್ದೆ ಮಾಡಿದ ಪಾತ್ರೆ, ಅನ್ನದ ತಪ್ಪಲೆ, ಅಂಬಲಿಯ ಚಟ್ಟಿ ಇವಕ್ಕೆಲ್ಲ ಖಾಲಿಯಾದ ಕೂಡಲೇ ತುಂಬ ನೀರು ಹಾಕಿಡುವುದೇ ಔಷಧ. ಒಂದು ಗಂಟೆಯಲ್ಲಿ ರಾಗಿಯ ಪದರ ನೀರು ಕುಡಿದು ತಾನೇ ಬಿಟ್ಟುಕೊಳ್ಳುತ್ತದೆ. ಒಣಗಲು ಬಿಟ್ಟಿರೋ, ಅದೇ ಪದರ ಕಲ್ಲಾಗಿ ಕೂರುತ್ತದೆ. ಬೆಲ್ಲದ ಪಾಕ, ಸಕ್ಕರೆ ಪಾಕ ಹತ್ತಿದ್ದರೆ ಬರೀ ಬಿಸಿನೀರು ಸಾಕು, ಅದು ಕರಗಿ ಹೋಗುವ ವಸ್ತು. ನೆನೆಹಾಕುವುದು ಊಟ ಮಾಡಿದವರ, ಅಡುಗೆ ಮುಗಿಸಿದವರ ಕೆಲಸ ಎಂದೇ ನಾನು ತಿಳಿದಿದ್ದೇನೆ. ಒಣಗಿದ ತಟ್ಟೆಗಳ ರಾಶಿಯನ್ನು ಮಧ್ಯಾಹ್ನ ಬರುವ ಕೆಲಸದವರ ಪಾಲಿಗೆ ಬಿಟ್ಟು, ಆಮೇಲೆ ಪಾತ್ರೆಯಲ್ಲಿ ಅಗುಳು ಉಳಿಯಿತೆಂದು ದೂರುವುದು ನ್ಯಾಯವಲ್ಲ. ಎದ್ದು ಹೋಗುವಾಗ ತಟ್ಟೆಗೆ ಒಂದು ಲೋಟ ನೀರು ಸುರಿದರೆ ಇನ್ನೊಬ್ಬರ ಅರ್ಧ ಶ್ರಮ ಉಳಿಯುತ್ತದೆ.

ತಳ ಹಿಡಿಯುವುದೇ ಏಕೆ? ಸ್ಟೀಲ್ ಬಿಸಿಯನ್ನು ಬೇಗ ಹರಡುವ ಲೋಹವಲ್ಲ. ಅಲ್ಯೂಮಿನಿಯಂ ಅದಕ್ಕಿಂತ ಸುಮಾರು 15 ಪಟ್ಟು, ತಾಮ್ರ ಸುಮಾರು 25 ಪಟ್ಟು ಚೆನ್ನಾಗಿ ಬಿಸಿಯನ್ನು ಸಾಗಿಸುತ್ತವೆ. ಹಾಗಾಗಿ ತೆಳು ತಳದ ಸ್ಟೀಲ್ ಪಾತ್ರೆಯಲ್ಲಿ ಬರ್ನರಿನ ಜ್ವಾಲೆ ತಗಲುವ ಉಂಗುರದಷ್ಟು ಜಾಗ ಕೆಂಡವಾಗಿ, ಪಕ್ಕದ ಜಾಗ ಇನ್ನೂ ಬೆಚ್ಚಗಷ್ಟೇ ಇರುತ್ತದೆ. ಕರಕಲು ಎಷ್ಟೋ ಸಲ ಉಂಗುರದ ಆಕಾರದಲ್ಲಿ ಮೂಡುವುದನ್ನು ನೀವು ನೋಡಿರುತ್ತೀರಿ. ಸ್ಟೀಲಿನ ಎರಡು ಪದರದ ನಡುವೆ ಅಲ್ಯೂಮಿನಿಯಂ ಇಟ್ಟು ತಯಾರಿಸುವ ದಪ್ಪ ತಳದ ಪಾತ್ರೆಗಳು ಬಂದದ್ದು ಇದೇ ಕೊರತೆಯನ್ನು ನೀಗಲು. ಅವು ದುಬಾರಿ. ಆದರೆ ಹಾಲು, ಪಾಯಸ, ಹಲ್ವ ಇಂಥವಕ್ಕೆ ಮನೆಯಲ್ಲಿ ಒಂದಾದರೂ ಇರುವುದು ಒಳ್ಳೆಯದು. ತೆಳು ಪಾತ್ರೆಯೇ ಇದ್ದರೆ ಉರಿ ಸಣ್ಣದಿರಲಿ. ಹಾಲು ಹಾಕುವ ಮುಂಚೆ ಪಾತ್ರೆಯ ಒಳಗೆ ಸ್ವಲ್ಪ ನೀರು ಆಡಿಸಿ, ತಳದಲ್ಲಿ ಆ ತೇವ ಇರುವಾಗಲೇ ಹಾಲು ಸುರಿಯಿರಿ. ನಮ್ಮ ಅಜ್ಜಿಯಂದಿರು ಮಾಡುತ್ತಿದ್ದ ಈ ಕ್ರಮದಿಂದ ಹಾಲು ತಳ ಹಿಡಿಯುವುದು ಕಡಿಮೆಯಾಗುತ್ತದೆ.

ಪಲ್ಯ, ಮೊಟ್ಟೆ, ಆಲೂಗಡ್ಡೆ ಸ್ಟೀಲ್ ಬಾಣಲೆಗೆ ಅಂಟುತ್ತದೆ ಎಂದು ನಾನ್‌ಸ್ಟಿಕ್ ಕಡೆಗೆ ಹೋದವರು ಒಮ್ಮೆ ಹೀಗೆ ಮಾಡಿ ನೋಡಬೇಕು. ಖಾಲಿ ಬಾಣಲೆಯನ್ನು ನಡು ಉರಿಯಲ್ಲಿ ಕಾಯಿಸಿ, ಬೆರಳ ತುದಿಯಿಂದ ಒಂದು ಹನಿ ನೀರು ಚಿಮುಕಿಸಿ. ಚೊಯ್ಯೆಂದು ಆವಿಯಾದರೆ ಇನ್ನೂ ಕಾಯಬೇಕು. ಹನಿ ಆವಿಯಾಗದೆ ಗುಂಡಗಾಗಿ ಬಾಣಲೆಯ ತುಂಬ ಓಡಾಡಿದರೆ ಶಾಖ ಸುಮಾರು 190ರಿಂದ 200 ಡಿಗ್ರಿ ಮುಟ್ಟಿದೆ ಎಂದರ್ಥ. ನೀರು ಪೂರ್ತಿ ಹೋದ ಮೇಲೆ ಉರಿ ತಗ್ಗಿಸಿ, ಎಣ್ಣೆ ಹಾಕಿ, ಎಣ್ಣೆ ಕಾದ ಮೇಲೆ ತರಕಾರಿ ಹಾಕಿ. ಹಾಕಿದ ಕೂಡಲೇ ಸೌಟಾಡಿಸಬೇಡಿ. ಅಡಿ ಕೆಂಪಗಾದ ಮೇಲೆ ಅದು ತಾನೇ ಬಿಡುತ್ತದೆ. ಇಂಥ ಬಾಣಲೆ ತೊಳೆಯಲು ಎರಡು ನಿಮಿಷವೂ ಹಿಡಿಯುವುದಿಲ್ಲ.

ಈಗ ನೀರಿನ ವಿಷಯ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಮನೆಗಳಲ್ಲಿ, ಬೆಂಗಳೂರಿನಲ್ಲಿ ಬೋರ್‌ವೆಲ್ ನೀರನ್ನೇ ನಂಬಿದ ಬಡಾವಣೆಗಳಲ್ಲಿ ಇಡ್ಲಿ ಪಾತ್ರೆಯ ಒಳಗೆ ನೋಡಿ. ನೀರು ನಿಲ್ಲುವ ಮಟ್ಟಕ್ಕೆ ಸರಿಯಾಗಿ ಬಿಳಿಯ ಗೆರೆ ಕಟ್ಟಿರುತ್ತದೆ, ತಳದಲ್ಲಿ ಸುಣ್ಣ ಬಳಿದ ಹಾಗೆ ಒರಟು ಪದರ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾಯಿಸಿದಾಗ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಕೆಳಗೆ ಕೂರುತ್ತದೆ. ಅದು ನಿಜಕ್ಕೂ ಸುಣ್ಣಕಲ್ಲಿನ ಜಾತಿಯದೇ. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಸೋಡಾ ಹಾಕಿದರೂ ಹೋಗುವುದಿಲ್ಲ. ಅದಕ್ಕೆ ಹುಳಿಯೇ ಬೇಕು. ಪಾತ್ರೆಯಲ್ಲಿ ಬಿಳಿ ಗೆರೆ ಮುಳುಗುವಷ್ಟು ನೀರು ಹಾಕಿ, ನಿಂಬೆಗಾತ್ರದ ಹುಣಸೆಹಣ್ಣು ಕಿವುಚಿ ಸೇರಿಸಿ ಹತ್ತು ನಿಮಿಷ ಕುದಿಸಿ, ಒಂದು ಗಂಟೆ ಬಿಡಿ. ಒಂದು ಭಾಗ ವಿನೆಗರಿಗೆ ಮೂರು ಭಾಗ ನೀರು ಬೆರೆಸಿದರೂ ನಡೆಯುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಹರಳು. ಲೀಟರು ನೀರಿಗೆ ಒಂದು ಚಮಚ ಹಾಕಿ ಬಿಸಿ ಮಾಡಿದರೆ ಬಿಳಿ ಪದರದಿಂದ ಸಣ್ಣ ಗುಳ್ಳೆ ಏಳುವುದು ಕಣ್ಣಿಗೇ ಕಾಣುತ್ತದೆ. ವಾಸನೆಯಿಲ್ಲ, ಖರ್ಚೂ ಕಡಿಮೆ. ಇಡ್ಲಿ ಬೇಯಿಸುವಾಗ ಕೆಳಗಿನ ನೀರಿಗೆ ಹಿಂಡಿದ ನಿಂಬೆಯ ಸಿಪ್ಪೆಯನ್ನು ಹಾಕುವ ರೂಢಿ ಇಟ್ಟುಕೊಂಡರೆ ಪದರ ಕಟ್ಟುವುದೇ ತಗ್ಗುತ್ತದೆ. ಲೋಟ ತಟ್ಟೆಗಳ ಮೇಲಿನ ಬಿಳಿ ಚುಕ್ಕೆಗಳೂ ಇದೇ ಸುಣ್ಣ. ತೊಳೆದ ಮೇಲೆ ನೀರು ಅಲ್ಲೇ ಆರಿದರೆ ಚುಕ್ಕೆ ಉಳಿಯುತ್ತದೆ, ಹಳೆಯ ಹತ್ತಿ ಬಟ್ಟೆಯಲ್ಲಿ ಒರೆಸಿಟ್ಟರೆ ಉಳಿಯುವುದಿಲ್ಲ.

ಖಾಲಿ ಪಾತ್ರೆ ಒಲೆಯ ಮೇಲೆ ಹೆಚ್ಚು ಹೊತ್ತು ಉಳಿದಾಗ ನೀಲಿ, ಹೊಂಬಣ್ಣ, ನೇರಳೆಯ ಛಾಯೆ ಮೂಡುತ್ತದೆ. ಶಾಖಕ್ಕೆ ಆ ರಕ್ಷಣೆಯ ಪೊರೆ ದಪ್ಪಗಾಗಿ ಬೆಳಕು ಅದರಲ್ಲಿ ಬಣ್ಣಬಣ್ಣವಾಗಿ ಕಾಣುತ್ತದೆ, ಅಷ್ಟೇ. ಆರೋಗ್ಯಕ್ಕೆ ಏನೂ ಕೇಡಿಲ್ಲ. ಬೇಡವೆನಿಸಿದರೆ ಸ್ವಲ್ಪ ವಿನೆಗರ್ ಹಚ್ಚಿ ಒರೆಸಿ.

ಬಾಣಲೆಯ ಹೊರಮೈಯಲ್ಲಿ, ಹಿಡಿಕೆ ಸೇರುವ ಜಾಗದಲ್ಲಿ ಅಂಟಂಟಾಗಿ ಕಟ್ಟುವ ಕಂದು ಜಿಡ್ಡು ಬೇರೆ ಬಗೆಯದು. ಕಾದ ಎಣ್ಣೆ ಮತ್ತೆ ಮತ್ತೆ ಸುಟ್ಟು ವಾರ್ನಿಷಿನಂತೆ ಗಟ್ಟಿಯಾಗಿರುತ್ತದೆ. ಅದಕ್ಕೆ ಹುಳಿ ತಾಗುವುದಿಲ್ಲ, ಕ್ಷಾರವೇ ಬೇಕು. ಸೋಡಾವನ್ನು ಕಲಸಿ ದಪ್ಪಗೆ ಮೆತ್ತಿ, ಒದ್ದೆ ಬಟ್ಟೆ ಹೊದಿಸಿ ರಾತ್ರಿ ಬಿಟ್ಟು, ಬೆಳಿಗ್ಗೆ ಬಿಸಿನೀರಿನಲ್ಲಿ ತಿಕ್ಕಿ. ಒಂದೇ ಸಲಕ್ಕೆ ಪೂರ್ತಿ ಹೋಗದಿದ್ದರೆ ಬೇಸರಿಸಬೇಡಿ. ಹೊರಮೈಯ ಈ ಕಲೆಯಿಂದ ಅಡುಗೆಗೆ ತೊಂದರೆಯಿಲ್ಲ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ತೆಗೆದರಾಯಿತು.

ಉಜ್ಜುವ ಸಾಧನದಲ್ಲಿ ನಾನು ತೆಂಗಿನ ನಾರಿನ ಪರ. ಅದು ಸ್ಟೀಲಿಗಿಂತ ಮೆದು, ಆದರೆ ಅಗುಳು ಬಿಡಿಸುವಷ್ಟು ಬಿರುಸು. ಸವೆದ ಮೇಲೆ ಗಿಡದ ಬುಡಕ್ಕೆ ಹಾಕಬಹುದು. ಹಸಿರು ಸ್ಕ್ರಬ್ಬರಿನಲ್ಲಿ ಉಜ್ಜುವ ಖನಿಜದ ಕಣಗಳಿರುತ್ತವೆ, ಹೊಳಪಿನ ಮೈಗೆ ಅದು ಗೀರು ಹಾಕಿಯೇ ಹಾಕುತ್ತದೆ. ಸುರುಳಿ ಸುರುಳಿಯಾದ ಸ್ಟೀಲ್ ಸ್ಕ್ರಬ್ಬರು ಒಳಗಿನ ಹಠಮಾರಿ ಕಲೆಗೆ ಅಪರೂಪಕ್ಕೊಮ್ಮೆ ಇರಲಿ. ದೂರ ಇಡಬೇಕಾದದ್ದು ಕಬ್ಬಿಣದ ನಾರು. ಅದರ ಕೂದಲಿನಂಥ ಎಳೆ ತುಂಡಾಗಿ ಪಾತ್ರೆಯ ಮೈಯಲ್ಲಿ ಸಿಕ್ಕಿಕೊಳ್ಳುತ್ತದೆ, ಮಾರನೆಯ ದಿನ ಅಲ್ಲಿ ಕೆಂಪು ಚುಕ್ಕೆ ಏಳುತ್ತದೆ. ಪಾತ್ರೆಗೆ ತುಕ್ಕು ಬಂತು, ಅಂಗಡಿಯವರು ಮೋಸ ಮಾಡಿದರು ಎಂದು ಎಷ್ಟೋ ಜನ ತಿಳಿಯುತ್ತಾರೆ. ತುಕ್ಕು ಹಿಡಿದಿರುವುದು ಆ ನಾರಿನ ಚೂರಿಗೆ. ಕಬ್ಬಿಣದ ಕಾವಲಿಯನ್ನು ಒದ್ದೆ ಸ್ಟೀಲ್ ಪಾತ್ರೆಗಳ ಮೇಲೆ ಬೋರಲು ಹಾಕಿದರೂ ಇದೇ ಕಥೆ. ಇಂಥ ಚುಕ್ಕೆಗೆ ನಿಂಬೆಹೋಳು ಅಥವಾ ನಿಂಬೆ ಉಪ್ಪಿನ ನೀರು ಹಚ್ಚಿ, ಒಂದು ಗಂಟೆ ಬಿಟ್ಟು, ತೊಳೆದು ಒರೆಸಿ ಗಾಳಿಗಿಡಿ. ಚುಕ್ಕೆಯೂ ಹೋಗುತ್ತದೆ, ಅಲ್ಲಿ ಪೊರೆಯೂ ಮತ್ತೆ ಕಟ್ಟುತ್ತದೆ. ಕಾರ್ಖಾನೆಗಳಲ್ಲೂ ಹೊಸ ಸ್ಟೀಲಿನ ಮೈಮೇಲೆ ಉಳಿದ ಕಬ್ಬಿಣದ ಕಣ ತೆಗೆದು ಪೊರೆ ಗಟ್ಟಿ ಮಾಡಲು ಬಳಸುವ ರಾಸಾಯನಿಕಗಳಲ್ಲಿ ಸಿಟ್ರಿಕ್ ಆಸಿಡ್ ಒಂದು.

ಇನ್ನು ಉಪ್ಪು. ಉಪ್ಪಿನಲ್ಲಿರುವ ಕ್ಲೋರೈಡ್ ಮಾತ್ರ ಆ ಪೊರೆಯನ್ನು ಸೂಜಿಮೊನೆಯಷ್ಟು ಜಾಗದಲ್ಲಿ ಭೇದಿಸಬಲ್ಲದು. ತಣ್ಣನೆಯ ನೀರಿಗೆ ಕಲ್ಲುಪ್ಪು ಹಾಕಿ ಒಲೆಯ ಮೇಲಿಟ್ಟಾಗ ಹರಳು ಕರಗುವ ಮುನ್ನ ತಳಕ್ಕೆ ಹೋಗಿ ಕೂರುತ್ತದೆ. ಹರಳಿನ ಸುತ್ತ ಬಹು ಗಟ್ಟಿಯಾದ ಉಪ್ಪುನೀರು, ಕೆಳಗೆ ಗಾಳಿಯಾಡದ ಜಾಗ, ಜೊತೆಗೆ ಶಾಖ. ಅಲ್ಲಿ ಸಣ್ಣ ಕುಳಿ ಬೀಳುತ್ತದೆ. ತಳದಲ್ಲಿ ಬಿಳಿಚಾದ, ಬೆರಳಿಗೆ ತರಕಲು ತಾಗುವ ಚುಕ್ಕೆಗಳು ಕಂಡರೆ ಅವು ಇವೇ. ಯಾವ ಪುಡಿ, ಯಾವ ದ್ರಾವಣದಿಂದಲೂ ಅವನ್ನು ಅಳಿಸಲಾಗದು, ಏಕೆಂದರೆ ಅಲ್ಲಿ ಲೋಹವೇ ಹೋಗಿರುತ್ತದೆ. ಪಾತ್ರೆ ಬಳಸಲು ಅಡ್ಡಿಯಿಲ್ಲ, ಆದರೆ ಆ ಕುಳಿಗಳಲ್ಲಿ ಅಡುಗೆ ಸೇರಿಕೊಂಡು ಹಿಡಿಯುವುದು ಹೆಚ್ಚುತ್ತದೆ. ತಪ್ಪಿಸುವುದು ಬಹಳ ಸುಲಭ. ನೀರು ಕುದಿ ಬಂದ ಮೇಲೆ ಉಪ್ಪು ಹಾಕಿ, ಒಂದು ಸಲ ಸೌಟಾಡಿಸಿ.

ಉಪ್ಪೂ ಹುಳಿಯೂ ಸೇರಿ ದಿನಗಟ್ಟಲೆ ನಿಲ್ಲುವಂಥದನ್ನು ಸ್ಟೀಲಿನಲ್ಲಿ ಇಡಬಾರದು. ಉಪ್ಪಿನಕಾಯಿಗೆ ಭರಣಿ, ಗಾಜಿನ ಬಾಟಲಿಗಳೇ ಸರಿ. ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನಕಾಯಿ, ಹಲಸಿನ ತೊಳೆ, ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಕಟ್ಟಿಟ್ಟ ಉಂಡೆ, ಇವೆಲ್ಲ ಆ ಸಾಲಿಗೇ ಸೇರುತ್ತವೆ. ಸಾರು, ಹುಳಿ, ಮೊಸರು ಒಂದು ದಿನ ಇರಲಿ, ಏನೂ ಆಗುವುದಿಲ್ಲ. ಕಾರವಾರದಿಂದ ಮಂಗಳೂರಿನವರೆಗಿನ ಕಡಲ ಕರೆಯ ಊರುಗಳಲ್ಲಿ ಗಾಳಿಯಲ್ಲೇ ಉಪ್ಪಿನಂಶ ಇರುವುದರಿಂದ, ಬಳಸದೆ ಅಟ್ಟದ ಮೇಲಿಟ್ಟ ಪಾತ್ರೆಗಳಲ್ಲೂ ಚುಕ್ಕೆ ಕಾಣಬಹುದು. ಮಳೆಗಾಲ ಮುಗಿದ ಮೇಲೆ ಒಮ್ಮೆ ಇಳಿಸಿ ತೊಳೆದು, ಪೂರ್ತಿ ಒಣಗಿಸಿ ಇಡಬೇಕು. ಒದ್ದೆ ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸಿ ಮುಚ್ಚಿಡುವುದು ಯಾವ ಊರಿನಲ್ಲೂ ಒಳ್ಳೆಯದಲ್ಲ, ಗಾಳಿ ಸಿಗದಿದ್ದರೆ ಪೊರೆ ತನ್ನನ್ನು ತಾನು ಸರಿಮಾಡಿಕೊಳ್ಳಲಾರದು.

ಬಟ್ಟೆ ಬಿಳಿ ಮಾಡುವ ಬ್ಲೀಚು, ಬಚ್ಚಲು ತೊಳೆಯುವ ಆಸಿಡ್ಡು ಇವೆರಡನ್ನೂ ಪಾತ್ರೆಯ ಹತ್ತಿರ ತರಬೇಡಿ. ಎರಡರಲ್ಲೂ ಸ್ಟೀಲಿನ ಪೊರೆಯನ್ನು ಕೆಡಿಸುವ ಗುಣವಿದೆ. ಕಲೆ ಹೋಗಲಿಲ್ಲವೆಂದು ಎರಡನ್ನೂ ಬೆರೆಸಿದರಂತೂ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ಬಾಗಿಲು ಮುಚ್ಚಿದ ಸಣ್ಣ ಅಡುಗೆಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ತಳಕ್ಕೆ ತಾಮ್ರ ಬಳಿದ ಪಾತ್ರೆಗಳ ಬಗ್ಗೆ ಒಂದು ಮಾತು. ತಾಮ್ರಕ್ಕೆ ಹುಣಸೆ, ಉಪ್ಪು ಹಚ್ಚಿದರೆ ಥಳಥಳ ಹೊಳೆಯುತ್ತದೆ ಎಂಬುದು ನಿಜ. ಆದರೆ ಆ ಉಪ್ಪು ಪಕ್ಕದ ಸ್ಟೀಲಿಗೂ ತಗಲುತ್ತದೆ. ಹಚ್ಚಿ, ಉಜ್ಜಿ, ಕೂಡಲೇ ತೊಳೆದುಬಿಡಿ. ಹೆಚ್ಚಿನ ಪಾತ್ರೆಗಳಲ್ಲಿ ಇರುವುದು ತೆಳು ಲೇಪ ಮಾತ್ರವಾದ್ದರಿಂದ ದಿನವೂ ಬೆಳಗಿದರೆ ಬೇಗ ಸವೆಯುತ್ತದೆ.

ಕಾಫಿ ಫಿಲ್ಟರಿನ ತೂತು ಕಟ್ಟಿ ಡಿಕಾಕ್ಷನ್ ಇಳಿಯದೇ ಹೋದಾಗ ಮೇಲಿನ ಪಾತ್ರೆಯನ್ನು ನೇರವಾಗಿ ಗ್ಯಾಸ್ ಉರಿಯ ಮೇಲೆ ಹಿಡಿದು ಸುಡುವುದು ನಮ್ಮಲ್ಲಿ ರೂಢಿ. ತೂತು ತೆರೆಯುತ್ತದೆ ನಿಜ, ಆದರೆ ತಗಡು ಕಪ್ಪಾಗುತ್ತದೆ, ತೆಳು ತಳ ಸೊಟ್ಟಗಾಗುತ್ತದೆ. ತೂತನ್ನು ಮುಚ್ಚುವುದು ಕಾಫಿಯ ಎಣ್ಣೆ ಮತ್ತು ಅದರಲ್ಲಿ ಸಿಕ್ಕ ನುಣ್ಣನೆಯ ಪುಡಿ. ಎಣ್ಣೆಗೆ ಕ್ಷಾರ ಎಂಬ ಸೂತ್ರ ಇಲ್ಲೂ ನಡೆಯುತ್ತದೆ. ಸೋಡಾ ನೀರಿನಲ್ಲಿ ಫಿಲ್ಟರನ್ನು ಹತ್ತು ನಿಮಿಷ ಕುದಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹೊರಗಿನಿಂದ ಒಳಕ್ಕೆ ತಿಕ್ಕಿ, ಬೆಳಕಿಗೆ ಎತ್ತಿ ಹಿಡಿದು ನೋಡಿ. ಎಲ್ಲ ತೂತಿನಿಂದಲೂ ಬೆಳಕು ಬರಬೇಕು. ಚಹಾ ಸೋಸುವ ಜಾಲರಿಗೂ ಇದೇ ಕ್ರಮ. ನೀರಿನ ಫ್ಲಾಸ್ಕನ್ನು ಮಾತ್ರ ಒಲೆಯ ಮೇಲಿಡಬೇಡಿ, ಕುದಿಯುವ ನೀರಿನಲ್ಲಿ ಮುಳುಗಿಸಲೂ ಬೇಡಿ. ಅದರ ಎರಡು ಗೋಡೆಗಳ ನಡುವೆ ನಿರ್ವಾತವಿರುತ್ತದೆ. ಒಳಗೆ ಬಿಸಿನೀರು, ಅರ್ಧ ಚಮಚ ನಿಂಬೆ ಉಪ್ಪು, ಒಂದು ಹಿಡಿ ಅಕ್ಕಿ ಹಾಕಿ ಕುಲುಕಿ ತೊಳೆದರೆ ಬಿಳಿ ಪದರ ಬಿಡುತ್ತದೆ. ಅಕ್ಕಿ ಹಾಕಿದ ಮೇಲೆ ಮುಚ್ಚಳ ಬಿಗಿ ಮಾಡುವ ಮುನ್ನ ನೀರಿನ ಬಿಸಿ ಸ್ವಲ್ಪ ಇಳಿಯಲಿ. ಟಿಫಿನ್ ಡಬ್ಬಿಯ ಸಾಂಬಾರು ವಾಸನೆ ಇರುವುದು ಸ್ಟೀಲಿನಲ್ಲಲ್ಲ, ಮುಚ್ಚಳದ ರಬ್ಬರು ಉಂಗುರದಲ್ಲಿ. ಅದನ್ನು ಬಿಚ್ಚಿ ಬೇರೆಯಾಗಿ ತೊಳೆದು ಬಿಸಿಲಿಗಿಡಬೇಕು.

ಡಿಶ್‌ವಾಷರ್ ಇರುವವರು ಸ್ಟೀಲ್ ಪಾತ್ರೆಗಳನ್ನು ನಿಶ್ಚಿಂತೆಯಿಂದ ಹಾಕಬಹುದು. ಚಾಕುಗಳನ್ನು ಮಾತ್ರ ಹೊರಗಿಡಿ. ಅಲಗು ಗಡಸಾಗಿರಲೆಂದು ಬಳಸುವ ಉಕ್ಕು ಬೇರೆ ಜಾತಿಯದು, ಬಿಸಿ ತೇವದಲ್ಲಿ ಅದಕ್ಕೆ ತುಕ್ಕು ಬೇಗ ಬರುತ್ತದೆ.

ಕೊಳ್ಳುವಾಗಲೇ ಒಂದಿಷ್ಟು ಕೇಳಿ ತಿಳಿಯುವುದು ಒಳಿತು. 1980ರ ದಶಕದ ಆರಂಭದಲ್ಲಿ ನೆರೆಯ ಸೇಲಂನಲ್ಲಿ ಸರ್ಕಾರಿ ಸ್ಟೀಲ್ ಕಾರ್ಖಾನೆ ಶುರುವಾದ ಮೇಲೆ ನಮ್ಮ ಪಾತ್ರೆ ಅಂಗಡಿಗಳಲ್ಲಿ ‘ಸೇಲಂ ಸ್ಟೀಲ್’ ಎಂದರೆ ಒಳ್ಳೆಯ ಸ್ಟೀಲ್ ಎಂಬ ಮಾತೇ ರೂಢಿಗೆ ಬಂತು. ಈಗ ನೋಡಬೇಕಾದದ್ದು ಸಂಖ್ಯೆಯನ್ನು. 304 ಎಂದರೆ ಶೇ 18ರಷ್ಟು ಕ್ರೋಮಿಯಂ, ಶೇ 8ರಷ್ಟು ನಿಕಲ್ ಇರುವ ಸ್ಟೀಲ್. 18/8 ಎಂದು ಬರೆದಿರುವುದೂ ಇದೇ. ಅಗ್ಗದ ಪಾತ್ರೆಗಳು ಹೆಚ್ಚಾಗಿ 200ರ ಸರಣಿಯವು. ಅವುಗಳಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ತಟ್ಟೆ ಲೋಟಕ್ಕೆ, ಒಣ ಪದಾರ್ಥದ ಡಬ್ಬಕ್ಕೆ ಅವು ಸಾಕು. ದಿನವೂ ಉಪ್ಪು ಹುಳಿ ಬೇಯುವ ಪಾತ್ರೆಗೆ 304 ಕೊಳ್ಳಿ. ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎಂಬ ನಂಬಿಕೆ ಅರ್ಧ ಮಾತ್ರ ನಿಜ. 200ರ ಸರಣಿಗೂ ಅಯಸ್ಕಾಂತ ಅಂಟುವುದಿಲ್ಲ, ಹಾಗಾಗಿ ಅದರಿಂದ ಇವೆರಡನ್ನು ಬೇರೆ ಮಾಡಲಾಗದು. ಇಂಡಕ್ಷನ್ ಒಲೆಗೆ ಬೇಕಾದ ಪಾತ್ರೆಯ ತಳಕ್ಕಂತೂ ಅಂಟಲೇಬೇಕು. 2024ರಲ್ಲಿ ಕೇಂದ್ರ ಸರ್ಕಾರ ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯ ಮಾಡುವ ಆದೇಶ ಹೊರಡಿಸಿತು. ಸ್ಟೀಲ್ ಅಡುಗೆ ಪಾತ್ರೆಗೆ ಅನ್ವಯಿಸುವ ಮಾನಕದ ಸಂಖ್ಯೆ ಐಎಸ್ 14756. ಬಿಲ್ ಮಾಡಿಸುವ ಮುನ್ನ ಆ ಗುರುತನ್ನು ಹುಡುಕಿ.

ಹೊಸ ಪಾತ್ರೆ ಮನೆಗೆ ತಂದ ದಿನ ಅದರ ಒಳಗೆ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ, ಬಟ್ಟೆ ಬೂದುಗಪ್ಪಾಗುತ್ತದೆ. ಅದು ಹೊಳಪು ಕೊಡಲು ಬಳಸಿದ ಪಾಲಿಶ್ ಮೇಣ. ಬರೀ ನೀರಿಗೆ ಅದು ಹೋಗದು. ಸ್ವಲ್ಪ ಅಡುಗೆ ಎಣ್ಣೆ ಸವರಿ, ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ ಒರೆಸಿ, ಸೋಪು ಬಿಸಿನೀರಿನಲ್ಲಿ ತೊಳೆದು, ಕೊನೆಗೊಮ್ಮೆ ಹುಣಸೆ ನೀರು ಕುದಿಸಿ ಚೆಲ್ಲಿ. ಅಂಟಿಸಿದ ಚೀಟಿ ಕೀಳಲು ಉಗುರು ಹಾಕಬೇಡಿ. ಪಾತ್ರೆಗೆ ಬಿಸಿನೀರು ತುಂಬಿದರೆ ಹೊರಗಿನ ಚೀಟಿ ಮೆದುವಾಗುತ್ತದೆ, ಉಳಿದ ಗೋಂದಿಗೆ ಕೊಬ್ಬರಿ ಎಣ್ಣೆ. ಹೊಸ ಸ್ಟೀಲಿನಲ್ಲಿ ಟೊಮೆಟೊದಂಥ ಹುಳಿಯನ್ನು ಗಂಟೆಗಟ್ಟಲೆ ಕುದಿಸಿದರೆ ಅತಿ ಸಣ್ಣ ಪ್ರಮಾಣದಲ್ಲಿ ನಿಕಲ್, ಕ್ರೋಮಿಯಂ ಅಡುಗೆಗೆ ಇಳಿಯುತ್ತವೆ. ಕೆಲವು ಸಲ ಬಳಸಿದ ಮೇಲೆ ಅದು ತಗ್ಗುತ್ತದೆ. ನಿಕಲ್ ಅಲರ್ಜಿ ಇರುವವರು ಮಾತ್ರ ಇದನ್ನು ಗಮನದಲ್ಲಿಟ್ಟು ಹುಳಿಗೆ ಬೇರೆ ಪಾತ್ರೆ ಬಳಸುವುದು ಒಳ್ಳೆಯದು.

ಚೆನ್ನಾಗಿ ನೋಡಿಕೊಂಡ ಸ್ಟೀಲ್ ಪಾತ್ರೆ ಹೆಸರು ಕೆತ್ತಿಸಿ ಮದುವೆಯಲ್ಲಿ ಮುಯ್ಯಿ ಕೊಟ್ಟವರ ಕಾಲ ದಾಟಿ ಅವರ ಮೊಮ್ಮಕ್ಕಳ ಮನೆಯಲ್ಲೂ ಸಾರು ಕುದಿಸುತ್ತದೆ. ಕುಳಿ ಆಳವಾಗಿ ನೀರು ಜಿನುಗತೊಡಗಿದರೆ, ತಳ ಉಬ್ಬಿ ಪಾತ್ರೆ ಅಲ್ಲಾಡಿದರೆ, ಹಿಡಿಕೆಯ ರಿವೆಟ್ ಸಡಿಲವಾಗಿ ಬಿಸಿ ಪದಾರ್ಥ ಎತ್ತುವಾಗ ತಿರುಗಿದರೆ ಅದನ್ನು ಒಲೆಯಿಂದ ಇಳಿಸುವ ಸಮಯ. ರಿವೆಟ್ಟನ್ನು ಪಾತ್ರೆ ಅಂಗಡಿಯಲ್ಲಿ ಬಿಗಿ ಮಾಡಿಸಬಹುದು. ತೂತಾದದ್ದನ್ನು ಎಂಸೀಲ್ ಹಚ್ಚಿ ಅಡುಗೆಗೆ ಬಳಸಬೇಡಿ, ಅಂಥ ಅಂಟುಗಳು ಬಿಸಿ ಅಡುಗೆಗೆಂದು ಮಾಡಿದವಲ್ಲ. ಹಳೆಯ ಪಾತ್ರೆಯನ್ನು ತೂಕದ ಲೆಕ್ಕದಲ್ಲಿ ತೆಗೆದುಕೊಂಡು ಹೊಸದಕ್ಕೆ ಮುರಿದುಕೊಡುವ ಅಂಗಡಿಗಳು ಎಲ್ಲ ಊರಿನಲ್ಲೂ ಇವೆ. ಅಲ್ಲಿಗೆ ಒಯ್ಯುವಾಗ ಪ್ಲಾಸ್ಟಿಕ್ ಹಿಡಿಕೆ ಬಿಚ್ಚಿ, ಕಬ್ಬಿಣ, ಅಲ್ಯೂಮಿನಿಯಂ ಬೇರೆ ಮಾಡಿಕೊಂಡು ಹೋಗಿ. ಸ್ಟೀಲಿನ ದರ ಬೇರೆ, ಅವುಗಳ ದರ ಬೇರೆ.